ಪ್ರೀಮಿಯಂ ಪೆಟ್ರೋಲಿಗೆ ಕೊಡುವ ಹೆಚ್ಚುವರಿ ಎಂಟು ರೂಪಾಯಿ ಎಲ್ಲಿಗೆ ಹೋಗುತ್ತದೆ?

ಮಂಗಳೂರಿನ ಯಾವ ದೊಡ್ಡ ಪೆಟ್ರೋಲ್ ಬಂಕಿಗೆ ಕಾರು ತಿರುಗಿಸಿದರೂ ಮೊದಲು ಕೇಳಿಬರುವುದು ‘ಏತ್ ಪಾಡೊಡು?’ ಎಂಬ ಪ್ರಶ್ನೆ. ಎಷ್ಟಕ್ಕೆ ಹಾಕಬೇಕೆಂದು ಹೇಳಿ ಮುಗಿಸುವುದರೊಳಗೆ ಎರಡನೆಯದು ಬರುತ್ತದೆ: ‘ಪವರ್ ಹಾಕುದಾ ಸರ್, ನಾರ್ಮಲ್ ಸಾಕಾ?’ ಪವರ್ ಅಂದರೆ ದುಬಾರಿಯ ಪ್ರೀಮಿಯಂ ಪೆಟ್ರೋಲ್, ನಾರ್ಮಲ್ ಅಂದರೆ ಮಾಮೂಲಿಯದ್ದು. ಹಿಂದೆ ಸಾಲು ಇರುತ್ತದೆ, ಹಾರ್ನ್ ಕೇಳಿಸುತ್ತಿರುತ್ತದೆ, ಯೋಚಿಸಲು ಸಮಯವಿಲ್ಲ. ಹೊಸ ಕಾರು ತೆಗೆದುಕೊಂಡವರು ‘ಒಳ್ಳೆಯದೇ ಹಾಕಿ’ ಅನ್ನುತ್ತಾರೆ. ಹತ್ತು ವರ್ಷದಿಂದ ಅದೇ ಕಾರು ಓಡಿಸುತ್ತಿರುವವರು ‘ನಾರ್ಮಲ್ ಸಾಕು ಮಾರಾಯ’ ಅನ್ನುತ್ತಾರೆ. ಕಾರಿಗೆ ಏನು ಬೇಕು ಎಂದು ಇಬ್ಬರೂ ನೋಡಿರುವುದಿಲ್ಲ.

ನೋಡಬೇಕಾದ ಜಾಗ ದೂರವೇನಲ್ಲ. ಪೆಟ್ರೋಲ್ ಹಾಕುವ ಬಾಯಿಯ ಮುಚ್ಚಳ ತೆರೆದರೆ ಅದರ ಒಳಮೈಯಲ್ಲಿ ಬಹಳಷ್ಟು ಕಾರುಗಳಲ್ಲಿ ಒಂದು ಚಿಕ್ಕ ಸ್ಟಿಕ್ಕರ್ ಇರುತ್ತದೆ. ಅಲ್ಲಿ ಇಲ್ಲದಿದ್ದರೆ ಕಾರಿನ ಜತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ‘ಆರ್‌ಒಎನ್ 91’ ಎಂದೋ ‘ಕನಿಷ್ಠ 95’ ಎಂದೋ ಬರೆದಿರುವ ಆ ಒಂದು ಸಂಖ್ಯೆಯ (ಆರ್‌ಒಎನ್ ಎಂದರೆ ಆಕ್ಟೇನ್ ಸಂಖ್ಯೆ, ಅದೇನೆಂದು ಮುಂದೆ ನೋಡೋಣ) ಮೇಲೆಯೇ ಇಡೀ ಪ್ರಶ್ನೆ ನಿಂತಿದೆ. ನಮ್ಮ ಜಿಲ್ಲೆಗಳಲ್ಲಿ ಓಡುವ ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ ಮಾಮೂಲಿ ಪೆಟ್ರೋಲೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪೆಟ್ರೋಲಿನಲ್ಲಿ ಎಥನಾಲ್ ಎಂಬ ಆಲ್ಕೊಹಾಲಿನ ಬೆರಕೆ ಶೇ. 20ಕ್ಕೆ ಏರಿದ ಮೇಲಂತೂ ಈ ಅಭಿಪ್ರಾಯಕ್ಕೆ ಇನ್ನಷ್ಟು ಬಲ ಬಂದಿದೆ. ಆದರೆ ಪ್ರೀಮಿಯಂ ನಿಜವಾಗಿಯೂ ಬೇಕಾದ ಕಾರುಗಳೂ ಇವೆ. ಯಾವುದಕ್ಕೆ ಏಕೆ ಬೇಕು ಎಂದು ತಿಳಿಯಬೇಕಾದರೆ ಸಿಲಿಂಡರಿನೊಳಗೆ ಸ್ವಲ್ಪ ಇಣುಕಬೇಕು.

ಸಿಲಿಂಡರಿನೊಳಗೆ ನಡೆಯುವುದು

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಮೇಲಕ್ಕೆ ಒತ್ತುತ್ತದೆ. ಅದು ತುದಿ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ಸ್ಪಾರ್ಕ್ ಪ್ಲಗ್ ಕಿಡಿ ಕೊಡುತ್ತದೆ. ಎಂಜಿನ್ 3000 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 25 ಬಾರಿ ಹೀಗೆ ಆಗುತ್ತದೆ. ಕಿಡಿ ಬಿದ್ದ ಕೂಡಲೇ ಎಲ್ಲವೂ ಒಟ್ಟಿಗೆ ಸ್ಫೋಟಿಸುತ್ತದೆ ಎಂದು ನಾವು ಭಾವಿಸುತ್ತೇವೆ, ಹಾಗಲ್ಲ. ಪ್ಲಗ್ಗಿನ ಬಳಿ ಹುಟ್ಟಿದ ಜ್ವಾಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬುತ್ತಾ ಹೋಗಬೇಕು, ಒತ್ತಡ ಕ್ರಮವಾಗಿ ಏರಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳಬೇಕು.

ಜಾತ್ರೆಯಲ್ಲಿ ಹಚ್ಚುವ ಮಾಲೆ ಪಟಾಕಿಯನ್ನು ನೆನಪಿಸಿಕೊಳ್ಳಿ. ಒಂದು ತುದಿಗೆ ಬೆಂಕಿ ಕೊಟ್ಟರೆ ಸಾಲಾಗಿ ಸಿಡಿಯುತ್ತಾ ಹೋಗುತ್ತದೆ. ಎಲ್ಲಿಂದಲೋ ಒಂದು ಕಿಡಿ ಹಾರಿ ಇನ್ನೊಂದು ತುದಿಗೂ ಬಿದ್ದರೆ ಎರಡೂ ಕಡೆಯಿಂದ ಒಮ್ಮೆಲೇ ಸಿಡಿದು ಕ್ರಮ ಕೆಟ್ಟುಹೋಗುತ್ತದೆ. ಸಿಲಿಂಡರಿನಲ್ಲಿ ಆ ಎರಡನೆಯ ಬೆಂಕಿ ಹೊತ್ತಲು ಹೊರಗಿನ ಕಿಡಿಯೇ ಬೇಕಿಲ್ಲ. ಜ್ವಾಲೆ ಇನ್ನೂ ತಲುಪದ ಮೂಲೆಯಲ್ಲಿರುವ ಮಿಶ್ರಣ, ಹೆಚ್ಚುತ್ತಿರುವ ಒತ್ತಡಕ್ಕೂ ಬಿಸಿಗೂ ತಾಳಲಾರದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆಗ ಒತ್ತಡದ ಅಲೆಗಳು ಎದ್ದು ಸಿಲಿಂಡರಿನ ಗೋಡೆಗೆ ಬಡಿಯುತ್ತವೆ. ಗ್ಯಾರೇಜಿನವರು ನಾಕಿಂಗ್ ಎನ್ನುವುದು ಇದಕ್ಕೇ. ಅಪರೂಪಕ್ಕೆ ಒಂದೆರಡು ಸಲ ಆದರೆ ಏನೂ ಆಗುವುದಿಲ್ಲ. ಜೋರಾಗಿ, ಬಹಳ ಕಾಲ ಆದರೆ ಪಿಸ್ಟನ್ನಿನ ತಲೆಗೂ ರಿಂಗುಗಳಿಗೂ ಪೆಟ್ಟು.

ಪೆಟ್ರೋಲ್ ಹೀಗೆ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಾಳಿಕೊಳ್ಳುತ್ತದೆ ಎಂಬುದರ ಅಳತೆಯೇ ಆಕ್ಟೇನ್ ಸಂಖ್ಯೆ. ಅಮೆರಿಕದ ರಸಾಯನ ವಿಜ್ಞಾನಿ ಗ್ರಹಾಂ ಎಡ್ಗರ್ 1926ರಲ್ಲಿ ಈ ಅಳತೆಗೆ ಎರಡು ದ್ರವಗಳನ್ನು ಆರಿಸಿಕೊಂಡರು. ಚೆನ್ನಾಗಿ ತಾಳುವ ಐಸೋ ಆಕ್ಟೇನಿಗೆ 100, ಸುಲಭವಾಗಿ ಹೊತ್ತಿಕೊಳ್ಳುವ ಹೆಪ್ಟೇನಿಗೆ ಸೊನ್ನೆ. 91 ಭಾಗ ಐಸೋ ಆಕ್ಟೇನಿಗೆ 9 ಭಾಗ ಹೆಪ್ಟೇನ್ ಬೆರೆಸಿದ ಮಿಶ್ರಣ ಪರೀಕ್ಷೆಯ ಎಂಜಿನ್ನಿನಲ್ಲಿ ಹೇಗೆ ವರ್ತಿಸುತ್ತದೆಯೋ ಹಾಗೆಯೇ ವರ್ತಿಸುವ ಪೆಟ್ರೋಲಿಗೆ 91 ಎಂಬ ಸಂಖ್ಯೆ ಸಿಗುತ್ತದೆ. ಆ ಕಾಲದಲ್ಲಿ ಶುದ್ಧ ಹೆಪ್ಟೇನ್ ಸಿಗುತ್ತಿದ್ದುದು ಕ್ಯಾಲಿಫೋರ್ನಿಯಾ ಕಡೆಯ ಜೆಫ್ರಿ ಪೈನ್ ಮರದ ರಾಳದಿಂದ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಈಗ ಮುಖ್ಯ ವಿಷಯ. ಈ ಸಂಖ್ಯೆ ಪೆಟ್ರೋಲಿನಲ್ಲಿ ಎಷ್ಟು ಶಕ್ತಿ ಅಡಗಿದೆ ಎಂದು ಹೇಳುವುದೇ ಇಲ್ಲ. 91ರ ಒಂದು ಲೀಟರ್ ಉರಿದರೂ 95ರ ಒಂದು ಲೀಟರ್ ಉರಿದರೂ ಹೊರಬರುವ ಶಾಖ ಹೆಚ್ಚುಕಡಿಮೆ ಒಂದೇ. ಎಥನಾಲನ್ನೇ ನೋಡಿ. ಅದರ ಆಕ್ಟೇನ್ ಸಂಖ್ಯೆ 108ರ ಆಸುಪಾಸು, ಪೆಟ್ರೋಲಿಗಿಂತ ಎಷ್ಟೋ ಮೇಲೆ. ಆದರೆ ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟು ಮಾತ್ರ. ‘ಆಕ್ಟೇನ್ ಜಾಸ್ತಿ ಆದ್ರೆ ಪಿಕಪ್ ಜಾಸ್ತಿ’ ಎಂಬ ನಂಬಿಕೆ ಸಾಮಾನ್ಯ ಕಾರಿನ ಮಟ್ಟಿಗೆ ನಿಲ್ಲುವುದಿಲ್ಲ.

ಹಾಗಾದರೆ ಹೆಚ್ಚು ಆಕ್ಟೇನ್ ಯಾರಿಗೆ ಬೇಕು? ಮಿಶ್ರಣವನ್ನು ಹೆಚ್ಚು ಒತ್ತುವ ಎಂಜಿನ್ನಿಗೆ. ಮಿಶ್ರಣವನ್ನು ಎಷ್ಟು ಪಟ್ಟು ಒತ್ತಿ ಕುಗ್ಗಿಸುತ್ತದೆ ಎಂಬುದರ ಅಳತೆ ಕಂಪ್ರೆಷನ್ ಅನುಪಾತ. ಅದು ಏರಿದಷ್ಟೂ ಒಂದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ತೆಗೆಯಬಹುದು, ಜತೆಗೆ ನಾಕಿಂಗ್ ಭಯವೂ ಏರುತ್ತದೆ. ಟರ್ಬೋ ಇದ್ದರೆ ಗಾಳಿಯನ್ನು ಮೊದಲೇ ಒತ್ತಿ ಒಳಗೆ ಕಳಿಸುವುದರಿಂದ ಸಂಖ್ಯೆಯಲ್ಲಿ ಅನುಪಾತ ಕಡಿಮೆ ಕಂಡರೂ ಒಳಗಿನ ಒತ್ತಡ ಹೆಚ್ಚೇ. ಫೋಕ್ಸ್‌ವ್ಯಾಗನ್ ಗುಂಪಿನ 1.0 ಟಿಎಸ್‌ಐ ಎಂಜಿನ್ನಿನ ಅನುಪಾತ 10.5, ಮಾರುತಿಯ 1.2 ಡ್ಯುಯಲ್‌ಜೆಟ್ ಎಂಜಿನ್ನಿನದ್ದು 12. ಅಂಕೆ ನೋಡಿ ಮಾರುತಿಗೇ ಹೆಚ್ಚು ಆಕ್ಟೇನ್ ಬೇಕೆಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ದಹನಕೋಣೆಯ ಆಕಾರ, ತಂಪಾಗಿಸುವ ವ್ಯವಸ್ಥೆ, ವಾಲ್ವ್ ತೆರೆಯುವ ಹೊತ್ತು, ಎಲ್ಲವನ್ನೂ ಲೆಕ್ಕ ಹಾಕಿ ಕಂಪನಿ ಒಂದು ಸಂಖ್ಯೆ ಬರೆದಿರುತ್ತದೆ. ನಮ್ಮ ಊಹೆಗಿಂತ ಆ ಸ್ಟಿಕ್ಕರ್ ಮೇಲು.

ಇಂದಿನ ಕಾರುಗಳಲ್ಲಿ ಎಂಜಿನ್ ಬ್ಲಾಕಿಗೆ ಬೋಲ್ಟ್ ಹಾಕಿ ಕೂರಿಸಿದ ನಾಕ್ ಸೆನ್ಸರ್ ಎಂಬ ಪುಟ್ಟ ಸಾಧನ ಇರುತ್ತದೆ. ನಾಕಿಂಗ್ ಕಂಪನವನ್ನು ಅದು ಹಿಡಿದ ಕೂಡಲೇ ಕಂಪ್ಯೂಟರ್ ಕಿಡಿ ಕೊಡುವುದನ್ನು ಸ್ವಲ್ಪ ತಡ ಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಪಿಕಪ್ ತುಸು ಕುಗ್ಗುತ್ತದೆ. 95ಕ್ಕೆಂದು ಹೊಂದಿಸಿದ ಕಾರಿಗೆ 91 ಹಾಕಿದರೆ ನಡೆಯುವುದು ಇದೇ. ಆದರೆ 91ಕ್ಕೆ ಹೊಂದಿಸಿದ ಕಾರಿಗೆ 95 ಹಾಕಿದರೆ ಇದಕ್ಕೆ ಉಲ್ಟಾ ನಡೆದು ಶಕ್ತಿ ಬರುತ್ತದೆಯೇ? ಹೆಚ್ಚಿನ ಸಾಮಾನ್ಯ ಕಾರುಗಳಲ್ಲಿ ಇಲ್ಲ. ಕಿಡಿಯನ್ನು ಇನ್ನೂ ಬೇಗ ಕೊಡಲು ಕಂಪ್ಯೂಟರಿಗೆ ಒಂದು ಮಿತಿ ಬರೆದಿಟ್ಟಿರುತ್ತಾರೆ, ಅದು 91ರಲ್ಲೇ ಆ ಮಿತಿ ಮುಟ್ಟಿರುತ್ತದೆ. ಉಳಿದ ತಾಳಿಕೆ ಬಳಕೆಯಾಗದೆ ಹೊಗೆಕೊಳವೆಯಲ್ಲಿ ಹೋಗುತ್ತದೆ.

ನಮ್ಮ ರಸ್ತೆ, ನಮ್ಮ ಹವೆ

ನಾಕಿಂಗ್ ಯಾವಾಗ ಬರುತ್ತದೆ ಎಂಬುದಕ್ಕೆ ಕರಾವಳಿಯವರಿಗೆ ಒಳ್ಳೆಯ ಉದಾಹರಣೆ ಕೈಗೆ ಸಿಗುವಷ್ಟು ಹತ್ತಿರ ಇದೆ. ಮಂಗಳೂರಿನಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ದಾಟಿ ಹೋಗುವಾಗ ರಸ್ತೆ ಬಹುತೇಕ ಸಮತಟ್ಟು. ಎಂಜಿನ್ನಿನ ಮೇಲೆ ಭಾರವೇ ಇಲ್ಲ. ಎಂಥ ಪೆಟ್ರೋಲ್ ಹಾಕಿದರೂ ಅಲ್ಲಿ ವ್ಯತ್ಯಾಸ ಕಾಣಲು ಸಾಧ್ಯವಿಲ್ಲ ಎಂದೇ ಹೇಳಬಹುದು. ಅದೇ ಕಾರಿನಲ್ಲಿ ಐದು ಜನ ಕೂತು, ಡಿಕ್ಕಿ ತುಂಬ ಸಾಮಾನು ಹಾಕಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಎ.ಸಿ. ಹಾಕಿಕೊಂಡು ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿ ನೋಡಿ. ಹದಿನಾಲ್ಕು ಹೇರ್‌ಪಿನ್ ತಿರುವುಗಳು, ಒಂದೊಂದರಲ್ಲೂ ವೇಗ ಬಿದ್ದುಹೋಗಿ ಮತ್ತೆ ಎಳೆಯಬೇಕು. ಮೂರನೇ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ, ಕಿಟಕಿ ಇಳಿಸಿದಾಗ ಪಕ್ಕದ ಬಂಡೆಗೆ ತಾಗಿ ಮರಳುವ ಒಂದು ಸದ್ದು ಕೇಳಬಹುದು. ಡಬ್ಬದಲ್ಲಿ ಸಣ್ಣ ಗೋಲಿಗಳು ಅಲುಗಾಡಿದಂಥ ‘ಟಿಣಿ ಟಿಣಿ’. ಕಾಲು ತುಸು ಹಿಂದೆ ತೆಗೆದರೆ ಸದ್ದು ನಿಲ್ಲುತ್ತದೆ. ಅದೇ ನಾಕಿಂಗ್.

ಆ ಸದ್ದು ಕೇಳಿದ ಕೂಡಲೇ ‘ಪೆಟ್ರೋಲ್ ಸರಿ ಇಲ್ಲ, ನಾಳೆಯಿಂದ ಪವರ್ ಹಾಕುವ’ ಎಂದು ನಿರ್ಧರಿಸುವವರು ಬಹಳ. ಮೊದಲು ಮಾಡಬೇಕಾದದ್ದು ಗೇರ್ ಇಳಿಸುವುದು. ಎಂಜಿನ್ ನಿಧಾನಕ್ಕೆ ತಿರುಗುತ್ತಾ ಭಾರ ಎಳೆಯುವಾಗ ಮಿಶ್ರಣ ಒತ್ತಡದಲ್ಲಿ ಹೆಚ್ಚು ಹೊತ್ತು ಇರುತ್ತದೆ, ತಾನಾಗಿ ಹೊತ್ತಿಕೊಳ್ಳಲು ಸಮಯ ಸಿಗುತ್ತದೆ. ಗೇರ್ ಇಳಿಸಿ ಎಂಜಿನ್ ವೇಗವಾಗಿ ತಿರುಗಿದರೆ ಜ್ವಾಲೆ ಅಷ್ಟರೊಳಗೆ ಮೂಲೆ ಮುಟ್ಟಿರುತ್ತದೆ. ಶಿರಾಡಿ, ಚಾರ್ಮಾಡಿಗಳಲ್ಲಿ ನಮ್ಮ ಹಳೆಯ ಡ್ರೈವರುಗಳು ತಿರುವಿಗೆ ಮುಂಚೆಯೇ ಗೇರ್ ಇಳಿಸುವುದನ್ನು ಕಲಿಸುತ್ತಿದ್ದರಲ್ಲ, ಎಂಜಿನ್ನಿನ ಒಳಗಿನ ಲೆಕ್ಕದಲ್ಲೂ ಅದು ಸರಿಯಾದ ಪಾಠವೇ. ಗೇರ್ ಇಳಿಸಿದ ಮೇಲೂ ಸದ್ದು ನಿಲ್ಲದಿದ್ದರೆ, ಸಮತಟ್ಟು ರಸ್ತೆಯಲ್ಲೂ ಕೇಳುತ್ತಿದ್ದರೆ, ಕಾರನ್ನು ಮೆಕ್ಯಾನಿಕ್ಕಿಗೆ ತೋರಿಸಬೇಕು. ಸಿಲಿಂಡರಿನಲ್ಲಿ ಕಟ್ಟಿದ ಕಾರ್ಬನ್, ತಪ್ಪು ಜಾತಿಯ ಪ್ಲಗ್, ಕೂಲೆಂಟ್ ಕೊರತೆ, ಕೆಟ್ಟ ಸೆನ್ಸರ್, ಕಾರಣ ಏನೂ ಇರಬಹುದು. ಪ್ರೀಮಿಯಂ ಹಾಕಿ ಸದ್ದು ಮುಚ್ಚಿದರೆ ಕಾಯಿಲೆ ಒಳಗೇ ಉಳಿಯುತ್ತದೆ.

ಹವೆಯ ವಿಷಯದಲ್ಲಿ ನಮಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಬಿಸಿ ಗಾಳಿ ನಾಕಿಂಗ್ ಹೆಚ್ಚಿಸುತ್ತದೆ ನಿಜ. ಆದರೆ ಗಾಳಿಯಲ್ಲಿರುವ ನೀರಾವಿ ಅದನ್ನು ಕಡಿಮೆ ಮಾಡುತ್ತದೆ, ಏಕೆಂದರೆ ಆವಿ ಸಿಲಿಂಡರಿನೊಳಗಿನ ಬಿಸಿಯ ಒಂದು ಪಾಲನ್ನು ಹೀರಿಕೊಳ್ಳುತ್ತದೆ. ಅಂಗಿ ಮೈಗಂಟುವ ನಮ್ಮ ಸೆಕೆಯಲ್ಲಿ ಎಂಜಿನ್ನಿಗೆ ಬೇಕಾಗುವ ಆಕ್ಟೇನ್, ಅಷ್ಟೇ ಬಿಸಿಯ ಕಲಬುರಗಿ, ರಾಯಚೂರಿನ ಒಣ ಗಾಳಿಗಿಂತ ಕಡಿಮೆ. ಘಾಟಿ ಹತ್ತಿ ಆರುನೂರು ಮೀಟರಿಗೂ ಮೇಲೆ ಹೋದರೆ ಗಾಳಿ ತೆಳುವಾಗುವುದರಿಂದ ಟರ್ಬೋ ಇಲ್ಲದ ಕಾರಿಗೆ ಇನ್ನೂ ಸ್ವಲ್ಪ ಕಡಿಮೆ ಸಾಕು.

ಬಂಕಿನ ನೆಲದಡಿಯಲ್ಲಿ ಇರುವುದು

ಹಿಂದೆ ಸೀಸ ಬೆರೆಸಿ ಆಕ್ಟೇನ್ ಏರಿಸುತ್ತಿದ್ದರು. 1921ರಲ್ಲಿ ಜನರಲ್ ಮೋಟರ್ಸ್ ಪ್ರಯೋಗಾಲಯದಲ್ಲಿ ಥಾಮಸ್ ಮಿಜ್ಲಿ ಕಂಡುಹಿಡಿದ ಈ ಉಪಾಯ ಎಂಜಿನ್ನಿಗೆ ಹಿತವಾಗಿತ್ತು, ಮಕ್ಕಳ ಮಿದುಳಿಗೆ ವಿಷವಾಗಿತ್ತು. ಭಾರತದಲ್ಲಿ 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಆಮೇಲೆ ಆಕ್ಟೇನ್ ಏರಿಸುವ ಕೆಲಸ ಸಂಸ್ಕರಣಾಗಾರದ ಘಟಕಗಳ ಪಾಲಿಗೆ ಬಂತು, ಈಚೆಗೆ ಎಥನಾಲ್ ಆ ಕೆಲಸಕ್ಕೆ ಕೈಜೋಡಿಸಿದೆ.

ನಮಗೆ ಸಂಸ್ಕರಣಾಗಾರ ದೂರದ ಸಂಗತಿಯಲ್ಲ. ಸುರತ್ಕಲ್ ಬಳಿ ಕುತ್ತೆತ್ತೂರಿನಲ್ಲಿ ಎಂಆರ್‌ಪಿಎಲ್ ಇದೆ. 1988ರಲ್ಲಿ ಶುರುವಾದ ಕಂಪನಿ, 2003ರಿಂದ ಒಎನ್‌ಜಿಸಿ ಕೈಯಲ್ಲಿದೆ, ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯ ಅದಕ್ಕಿದೆ. ಇಲ್ಲಿಂದ ಹಾಸನದ ಮೂಲಕ ಬೆಂಗಳೂರಿಗೆ ಕೊಳವೆಮಾರ್ಗವೂ ಉಂಟು. ಕರಾವಳಿಯ ಬಂಕಿನ ಬೋರ್ಡಿನ ಬಣ್ಣ ಯಾವುದೇ ಇರಲಿ, ಮೂಲ ಪೆಟ್ರೋಲ್ ಬಹುಪಾಲು ಇದೇ ಸಂಸ್ಕರಣಾಗಾರದ್ದು. ತೈಲ ಕಂಪನಿಗಳು ಹತ್ತಿರದ ಸಂಸ್ಕರಣಾಗಾರದ ಮಾಲನ್ನು ಪರಸ್ಪರ ಹಂಚಿಕೊಳ್ಳುತ್ತವೆ, ಸಾಗಣೆಯ ವೆಚ್ಚ ಉಳಿಯುತ್ತದೆ. ಎಥನಾಲ್ ಸೇರಿಸುವುದು, ತಮ್ಮ ತಮ್ಮ ರಾಸಾಯನಿಕ ಬೆರೆಸುವುದು ಡಿಪೋದ ಹಂತದಲ್ಲಿ. ‘ಆ ಕಂಪನಿಯ ಪೆಟ್ರೋಲ್ ಬಲ, ಈ ಕಂಪನಿಯದ್ದು ನೀರು’ ಎಂಬ ವಾದ ನಮ್ಮೂರಿನ ಮಟ್ಟಿಗೆ ಮಾಮೂಲಿ ಪೆಟ್ರೋಲಿನಲ್ಲಿ ಅರ್ಥವಿಲ್ಲದ್ದು. ಬಂಕಿನ ಟಾಕಿ ಎಷ್ಟು ಶುಚಿ, ಮಾಲು ಎಷ್ಟು ಬೇಗ ಖರ್ಚಾಗುತ್ತದೆ ಎಂಬುದೇ ನಿಜವಾದ ವ್ಯತ್ಯಾಸ.

ಇಲ್ಲಿಯೇ ಈಚಿನ ದೊಡ್ಡ ಬದಲಾವಣೆ ಇರುವುದು. ಮಾಮೂಲಿ ಪೆಟ್ರೋಲ್ ಮೊದಲು 88 ಇತ್ತು, ಆಮೇಲೆ 91 ಆಯಿತು. ಶೇ. 20 ಎಥನಾಲ್ ಬೆರೆಸಿದ ಮೇಲೆ ಅದು 95ಕ್ಕೆ ಏರಿದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಹೇಳಿತು. ಇದರ ಅರ್ಥವನ್ನು ನಿಧಾನವಾಗಿ ಗಮನಿಸಿ. ಎಕ್ಸ್‌ಪಿ 95, ಪವರ್ 95 ಎಂಬ ಪ್ರೀಮಿಯಂ ಪೆಟ್ರೋಲುಗಳ ಹೆಸರಿನಲ್ಲೇ ಇರುವ ಆ 95, ಒಂದು ಕಾಲದಲ್ಲಿ ಮಾಮೂಲಿಗಿಂತ ನಾಲ್ಕು ಮೆಟ್ಟಿಲು ಮೇಲಿತ್ತು. ಈಗ ಪಕ್ಕದ ನಾಜಲ್ಲಿನಿಂದ ಬರುವ ಮಾಮೂಲಿ ಪೆಟ್ರೋಲೂ ಅದೇ ಮೆಟ್ಟಿಲಲ್ಲಿದೆ. ಆಕ್ಟೇನಿಗಾಗಿ ಹೆಚ್ಚು ಹಣ ಕೊಡುವ ಕಾರಣ 95ರ ಪ್ರೀಮಿಯಂ ಮಟ್ಟಿಗೆ ಹೆಚ್ಚುಕಡಿಮೆ ಕರಗಿಹೋಗಿದೆ. ಉಳಿದಿರುವುದು ಅದರಲ್ಲಿ ಸೇರಿಸುವ ಸ್ವಚ್ಛಕಾರಕ ರಾಸಾಯನಿಕ ಮಾತ್ರ.

ಇನ್ನೊಂದು ತಪ್ಪು ತಿಳಿವಳಿಕೆ ಇದರ ಜತೆಗೇ ಹಬ್ಬಿದೆ. ಎಥನಾಲಿನಿಂದ ಮೈಲೇಜ್ ಬಿತ್ತು ಎಂದು ಬೇಸರಪಟ್ಟವರು ಪ್ರೀಮಿಯಂಗೆ ಹೋಗುತ್ತಿದ್ದಾರೆ. ಮೈಲೇಜ್ ಬೀಳುವುದು ನಿಜ. ನೀತಿ ಆಯೋಗದ 2021ರ ವರದಿಯೇ, ಎಥನಾಲ್ ಇಲ್ಲದ ಹಳೆಯ ಪೆಟ್ರೋಲಿಗೆ ವಿನ್ಯಾಸಗೊಳಿಸಿ ಶೇ. 10ರ ಬೆರಕೆಗೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ. 6ರಿಂದ 7ರಷ್ಟು ಇಳಿಕೆಯಾಗಬಹುದು ಎಂದಿತ್ತು. ಶೇ. 20ಕ್ಕೆ ಹೊಂದಿಸಿದವುಗಳಲ್ಲಿ ಇದು 1ರಿಂದ 2 ಮಾತ್ರ. ಆದರೆ 95ರ ಪ್ರೀಮಿಯಂ ಕೂಡ ಎಥನಾಲ್ ಬೆರೆಸಿದ್ದೇ. ಅದಕ್ಕೆ ಬದಲಾಯಿಸಿದರೆ ಕಳೆದುಹೋದ ಮೈಲೇಜ್ ಮರಳುವುದಿಲ್ಲ, ಹಳೆಯ ಕಾರಿನ ರಬ್ಬರ್ ಪೈಪುಗಳಿಗೆ ಎಥನಾಲಿನಿಂದ ರಕ್ಷಣೆಯೂ ಸಿಗುವುದಿಲ್ಲ. ಹಳೆಯ ಕಾರು ಇಟ್ಟುಕೊಂಡವರು ಆ ಹಣದಲ್ಲಿ ಪೈಪು, ಸೀಲು, ಫಿಲ್ಟರ್ ತಪಾಸಣೆ ಮಾಡಿಸುವುದು ಒಳ್ಳೆಯದು.

ಎಥನಾಲ್ ನೀರನ್ನು ಹೀರುವ ಗುಣದ್ದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ನಾಡಿನಲ್ಲಿ ಇದನ್ನು ಮರೆಯಬಾರದು. ಸ್ವಲ್ಪ ತೇವ ಬೆರೆತರೆ ಕರಗಿಕೊಂಡೇ ಇರುತ್ತದೆ, ಒಂದು ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಒಟ್ಟಿಗೆ ಬೇರ್ಪಟ್ಟು ಟಾಕಿಯ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಎಳೆದುಕೊಳ್ಳುವ ಪಂಪ್ ಇರುವುದೂ ತಳದಲ್ಲೇ. ಗಲ್ಫಿನಲ್ಲೋ ಮುಂಬಯಿಯಲ್ಲೋ ಇದ್ದು ಕಾರನ್ನು ಊರಿನ ಮನೆಯ ಶೆಡ್ಡಿನಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ನಿಲ್ಲಿಸುವ ಕುಟುಂಬಗಳು ನಮ್ಮಲ್ಲಿ ಬಹಳ ಇವೆ. ಅಂಥ ಕಾರಿನ ಟಾಕಿ ತುಂಬಿಸಿಟ್ಟು ಮುಚ್ಚಳ ಬಿಗಿಯಾಗಿರುವುದನ್ನು ನೋಡಿಕೊಳ್ಳಿ, ಟಾಕಿಯಲ್ಲಿ ಖಾಲಿ ಜಾಗ ಕಡಿಮೆಯಾದಷ್ಟು ಒಳಗೆ ತೇವದ ಗಾಳಿಯೂ ಕಡಿಮೆ. ಊರಲ್ಲಿರುವ ಯಾರಿಗಾದರೂ ಹೇಳಿ ಆಗಾಗ ನಾಲ್ಕಾರು ಕಿಲೋಮೀಟರ್ ಓಡಿಸಿದರೆ ಇನ್ನೂ ಒಳ್ಳೆಯದು.

ಸ್ವಚ್ಛಕಾರಕದ ಮಾತು

ಪ್ರೀಮಿಯಂ ಪೆಟ್ರೋಲಿನ ಪರವಾಗಿ ಹೇಳಬಹುದಾದ ಗಟ್ಟಿ ಮಾತು ಇದೊಂದೇ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಸೂಕ್ಷ್ಮ ರಂಧ್ರಗಳಲ್ಲಿ, ಒಳಬರುವ ವಾಲ್ವಿನ ಹಿಂಬದಿಯಲ್ಲಿ ಕಾಲಕ್ರಮೇಣ ಕರಿ ಜಿಡ್ಡು ಕಟ್ಟುತ್ತದೆ. ಸ್ವಚ್ಛಕಾರಕ ಅದನ್ನು ಕರಗಿಸುತ್ತದೆ, ಹೊಸದಾಗಿ ಕಟ್ಟದಂತೆ ತಡೆಯುತ್ತದೆ. ಭಾರತ್ ಪೆಟ್ರೋಲಿಯಂನ ‘ಸ್ಪೀಡ್’ 2002ರಲ್ಲಿ ಬಂದದ್ದೇ ಈ ಗುಣವನ್ನು ಮುಂದಿಟ್ಟುಕೊಂಡು. ಅಮೆರಿಕದ ವಾಹನ ಸವಾರರ ಸಂಘ ಎಎಎ 2016ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಒಳ್ಳೆಯ ಸ್ವಚ್ಛಕಾರಕವಿಲ್ಲದ ಪೆಟ್ರೋಲ್ ಬಳಸಿದ ಎಂಜಿನ್ನಿನಲ್ಲಿ 19 ಪಟ್ಟು ಹೆಚ್ಚು ಜಿಡ್ಡು ಕಂಡಿತ್ತು. ಆದ್ದರಿಂದ ಸ್ವಚ್ಛಕಾರಕ ಬರೀ ಜಾಹೀರಾತಿನ ಮಾತಲ್ಲ.

ಆದರೆ ಅದರ ಮಿತಿಯೂ ತಿಳಿದಿರಬೇಕು. ಪೆಟ್ರೋಲ್ ನೇರವಾಗಿ ಸಿಲಿಂಡರಿಗೇ ಚಿಮ್ಮುವ ಎಂಜಿನ್ನುಗಳಲ್ಲಿ, ಅಂದರೆ ಈಗಿನ ಅನೇಕ ಟರ್ಬೋ ಕಾರುಗಳಲ್ಲಿ, ವಾಲ್ವಿನ ಹಿಂಬದಿಗೆ ಪೆಟ್ರೋಲ್ ತಾಗುವುದೇ ಇಲ್ಲ. ತಾಗದ ಜಾಗವನ್ನು ಯಾವ ಪೆಟ್ರೋಲೂ ತೊಳೆಯಲಾರದು, ಅಲ್ಲಿ ಇಂಜೆಕ್ಟರಿಗೆ ಮಾತ್ರ ಉಪಯೋಗ. ಜಿಡ್ಡು ಕಟ್ಟುವುದೂ ತೊಳೆಯುವುದೂ ನಿಧಾನದ ಕೆಲಸ. ಒಂದು ಟಾಕಿ ಪ್ರೀಮಿಯಂ ಹಾಕಿ ಹೊರಗೆ ಬರುವಾಗಲೇ ‘ಕಾರು ಹಾರ್ತದೆ ಮಾರಾಯ್ರೆ’ ಎನ್ನಿಸಿದರೆ ಅದು ಸ್ವಚ್ಛಕಾರಕದ ಕೆಲಸವಂತೂ ಅಲ್ಲ. ನಗರದ ಸಿಗ್ನಲ್ಲುಗಳಲ್ಲೇ ಕಾರು ಓಡಿಸುವವರು, ದಿನಕ್ಕೆ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಹೋಗಿ ಬಂದು ಎಂಜಿನ್ ಪೂರ್ತಿ ಬಿಸಿಯಾಗದೆಯೇ ನಿಲ್ಲಿಸುವವರು ಕೆಲವು ತಿಂಗಳಿಗೊಮ್ಮೆ ಒಂದೆರಡು ಟಾಕಿ ಪ್ರೀಮಿಯಂ ಹಾಕಿದರೆ ನಾನು ಬೇಡ ಎನ್ನುವುದಿಲ್ಲ. ಅಂಥವರು ತಿಂಗಳಿಗೊಮ್ಮೆ ಕಾರನ್ನು ಕುಂದಾಪುರದವರೆಗೆ ಒಂದೇ ಸಮ ಓಡಿಸಿಕೊಂಡು ಬಂದರೂ ಎಂಜಿನ್ನಿಗೆ ಒಳ್ಳೆಯದೇ.

ಪ್ರೀಮಿಯಂ ತೆಗೆದುಕೊಳ್ಳುವವರು ಅದು ಹೆಚ್ಚು ಮಾರಾಟವಾಗುವ ಬಂಕಿನಲ್ಲೇ ತೆಗೆದುಕೊಳ್ಳಿ. ಒಳನಾಡಿನ ಚಿಕ್ಕ ಬಂಕುಗಳಲ್ಲಿ ಮಾಮೂಲಿ ಪೆಟ್ರೋಲ್ ಬೇಗ ಮುಗಿದು ಹೊಸ ಲೋಡ್ ಬರುತ್ತಿರುತ್ತದೆ, ಪ್ರೀಮಿಯಂ ಅದಕ್ಕಿಂತ ಎಷ್ಟೋ ಹೆಚ್ಚು ದಿನ ನೆಲದಡಿಯ ಟಾಕಿಯಲ್ಲೇ ಕೂತಿರಬಹುದು. ಹಳಸಿದ ಪ್ರೀಮಿಯಂಗಿಂತ ತಾಜಾ ಮಾಮೂಲಿ ಮೇಲು. ಸಂಶಯ ಬಂದರೆ ಸಾಂದ್ರತೆ ಪರೀಕ್ಷಿಸಿ ತೋರಿಸುವಂತೆ, ಫಿಲ್ಟರ್ ಕಾಗದದ ಪರೀಕ್ಷೆ ಮಾಡುವಂತೆ, ಐದು ಲೀಟರಿನ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸುವಂತೆ ಕೇಳುವ ಹಕ್ಕು ಪ್ರತಿ ಗ್ರಾಹಕರಿಗೂ ಇದೆ. ಬಿಎಸ್ 6 (ಈಗಿನ ಮಾಲಿನ್ಯ ಮಾನದಂಡ) ಪೆಟ್ರೋಲಿನ ಸಾಂದ್ರತೆ 15 ಡಿಗ್ರಿ ಉಷ್ಣತೆಗೆ ಲೆಕ್ಕ ಹಾಕಿದಾಗ ಘನಮೀಟರಿಗೆ 720ರಿಂದ 775 ಕಿಲೋಗ್ರಾಂ ಒಳಗಿರಬೇಕು. ಕೇಳಲು ಸಂಕೋಚ ಬೇಡ.

ದುಡ್ಡಿನ ಲೆಕ್ಕ

ಮಾಮೂಲಿ ಪೆಟ್ರೋಲಿಗೆ ಲೀಟರಿಗೆ 102 ರೂಪಾಯಿ, ಪ್ರೀಮಿಯಂಗೆ 110 ಎಂದಿಟ್ಟುಕೊಳ್ಳೋಣ. ದರ ಏರಿಳಿದರೂ ಲೆಕ್ಕದ ದಾರಿ ಇದೇ. ಮಾಮೂಲಿಯಲ್ಲಿ ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು ಪ್ರೀಮಿಯಂನಲ್ಲಿ 16.2 ಕೊಟ್ಟರೆ ಮಾತ್ರ ಖರ್ಚು ಸಮ. ಅಂದರೆ ಮೈಲೇಜ್ ಸುಮಾರು ಶೇ. 8ರಷ್ಟು ಏರಬೇಕು. ಎಎಎ 2017ರಲ್ಲಿ, ಪ್ರೀಮಿಯಂ ಹಾಕಿದರೆ ಒಳ್ಳೆಯದು ಎಂದು ಕಂಪನಿಯೇ ಶಿಫಾರಸು ಮಾಡಿದ ಕಾರುಗಳನ್ನು ಪರೀಕ್ಷಿಸಿದಾಗ ಏರಿದ್ದು ಸರಾಸರಿ ಶೇ. 2.7, ಶಕ್ತಿ ಹೆಚ್ಚಿದ್ದು ಸರಾಸರಿ ಶೇ. 1.4. ಶಿಫಾರಸು ಇದ್ದ ಕಾರುಗಳ ಕಥೆಯೇ ಇದು. ಮಾಮೂಲಿಗೆಂದು ಮಾಡಿದ ಕಾರುಗಳಲ್ಲಿ ಹಿಂದಿನ ವರ್ಷದ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಪ್ರಯೋಜನವೇ ಕಂಡಿರಲಿಲ್ಲ. ಅಮೆರಿಕದ ಬಂಕುಗಳಲ್ಲಿ ಆಕ್ಟೇನ್ ಅಳೆಯುವ ಪದ್ಧತಿ ಬೇರೆ, ಅಲ್ಲಿನ 87 ನಮ್ಮ 91ಕ್ಕೆ ಹತ್ತಿರ ಎಂಬುದನ್ನು ನೆನಪಿಡಿ. ಅಲ್ಲಿನವರ ವಿಡಿಯೋ ನೋಡಿ ‘ಅವರು 87 ಹಾಕ್ತಾರೆ’ ಎಂದುಕೊಳ್ಳಬಾರದು.

ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ಈ ಎಂಟು ರೂಪಾಯಿ ತಿಂಗಳಿಗೆ 530ರ ಮೇಲೆ, ವರ್ಷಕ್ಕೆ 6,400 ರೂಪಾಯಿ ಆಗುತ್ತದೆ. ಆ ಹಣದಲ್ಲಿ ಏರ್ ಫಿಲ್ಟರ್ ಬದಲಾಯಿಸಬಹುದು, ಪ್ಲಗ್ ಹಾಕಿಸಬಹುದು, ಥ್ರಾಟಲ್ ಸ್ವಚ್ಛ ಮಾಡಿಸಬಹುದು. ಟೈರಿನ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ಸರಿ ಮಾಡಿಸಿಕೊಳ್ಳುವುದಕ್ಕಂತೂ ಖರ್ಚೇ ಇಲ್ಲ, ಮೈಲೇಜಿನಲ್ಲಿ ಅದರ ಫಲ ಕಣ್ಣಿಗೆ ಕಾಣುತ್ತದೆ.

‘ನನಗೆ ಪ್ರೀಮಿಯಂನಲ್ಲಿ ಒಂದೂವರೆ ಎರಡು ಕಿಲೋಮೀಟರ್ ಜಾಸ್ತಿ ಬರ್ತದೆ’ ಎನ್ನುವವರನ್ನು ನಾನು ಸುಳ್ಳುಗಾರರು ಎನ್ನುವುದಿಲ್ಲ. ದುಬಾರಿ ಪೆಟ್ರೋಲ್ ಹಾಕಿದವರು ಅರಿವಿಲ್ಲದೆ ಮೆಲ್ಲಗೆ ಓಡಿಸುತ್ತಾರೆ. ಒಂದು ವಾರ ಪಂಪ್‌ವೆಲ್, ಕೊಟ್ಟಾರ ಚೌಕಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು, ಮುಂದಿನ ವಾರ ಮುರುಡೇಶ್ವರಕ್ಕೆ ಹೋಗಿ ಬಂದರೆ ಪೆಟ್ರೋಲ್ ಅದೇ ಇದ್ದರೂ ಮೈಲೇಜ್ ಬೇರೆ ಬರುತ್ತದೆ. ನಿಜ ತಿಳಿಯಬೇಕೆಂದಿದ್ದರೆ ಒಂದೇ ಬಂಕು, ಒಂದೇ ನಾಜಲ್, ತಾನಾಗಿ ಕಟ್ ಆಗುವವರೆಗೆ ಫುಲ್ ಟ್ಯಾಂಕ್, ಒಂದೇ ರಸ್ತೆ, ಹೆಚ್ಚುಕಡಿಮೆ ಒಂದೇ ವೇಗ, ಮತ್ತೆ ಫುಲ್ ಟ್ಯಾಂಕ್. ಎರಡೂ ಬಗೆಯಲ್ಲಿ ಹಲವು ಟಾಕಿ ಹೀಗೆ ಬರೆದಿಟ್ಟುಕೊಂಡರೆ ಮಾತ್ರ ನಂಬಬಹುದಾದ ಅಂಕೆ ಸಿಗುತ್ತದೆ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ನೆಚ್ಚಿಕೊಳ್ಳಬೇಡಿ.

100 ಆಕ್ಟೇನ್ ಪೆಟ್ರೋಲಿನದ್ದು ಬೇರೆಯೇ ಕಥೆ. ಇಂಡಿಯನ್ ಆಯಿಲ್ 2020ರ ಡಿಸೆಂಬರ್ 1ರಂದು ಮಥುರಾ ಸಂಸ್ಕರಣಾಗಾರದಲ್ಲಿ ತಯಾರಿಸಿದ ಎಕ್ಸ್‌ಪಿ 100 ಬಿಡುಗಡೆ ಮಾಡಿತು. ಬೆಲೆ 160 ರೂಪಾಯಿ ಎಂದಿಟ್ಟುಕೊಂಡರೆ ನಮ್ಮ 15 ಕಿಲೋಮೀಟರಿನ ಕಾರು 23.5 ಕೊಡಬೇಕು, ಅದು ಆಗದ ಮಾತು. ‘95 ಕನಿಷ್ಠ, 98 ಒಳ್ಳೆಯದು’ ಎಂದು ಮುಚ್ಚಳದಲ್ಲೇ ಬರೆದಿರುವ ಹೊರದೇಶದ ದೊಡ್ಡ ಕಾರುಗಳಿಗೆ, ದೊಡ್ಡ ಬೈಕುಗಳಿಗೆ ಇದು ಸರಿ. ಉಳಿದವರಿಗೆ ಇದರಿಂದ ಸಿಗುವುದು ಏನೂ ಇಲ್ಲ.

ಸ್ಟಿಕ್ಕರಿನಲ್ಲಿ ‘ಕನಿಷ್ಠ’ ಎಂದಿದೆಯೋ ‘ಶಿಫಾರಸು’ ಎಂದಿದೆಯೋ ನೋಡುವುದನ್ನು ಮರೆಯಬೇಡಿ, ಎರಡಕ್ಕೂ ಬಹಳ ಅಂತರ. ಕನಿಷ್ಠ 91 ಎಂದಿದ್ದರೆ ಮಾಮೂಲಿಯೇ ಧಾರಾಳ. 91 ನಡೆಯುತ್ತದೆ, 95 ಶಿಫಾರಸು ಎಂದಿರುವ ಟರ್ಬೋ ಕಾರಿಗೂ ಈಗಿನ ಶೇ. 20ರ ಬೆರಕೆಯ ಮಾಮೂಲಿ ಸಾಕು, ಆದರೆ ಆ ಕಾರು ಶೇ. 20 ಎಥನಾಲಿಗೆ ಒಗ್ಗುತ್ತದೆ ಎಂದು ಕಂಪನಿ ಹೇಳಿರಬೇಕು. ಕನಿಷ್ಠವೇ 95ಕ್ಕಿಂತ ಮೇಲಿದ್ದರೆ ಚೌಕಾಸಿ ಬೇಡ, ಅದು ಕೇಳಿದ್ದನ್ನೇ ಹಾಕಿ. ಡೀಸೆಲ್ ಕಾರಿನವರಿಗೆ ಈ ಆಕ್ಟೇನ್ ಲೆಕ್ಕವೇ ಅನ್ವಯಿಸುವುದಿಲ್ಲ. ಡೀಸೆಲ್ ತಾನಾಗಿ ಹೊತ್ತಿಕೊಳ್ಳಲೇಬೇಕು, ಅಲ್ಲಿನ ಅಳತೆ ಸೀಟೇನ್, ಬಿಎಸ್ 6 ಡೀಸೆಲ್ಲಿನಲ್ಲಿ ಅದು ಕನಿಷ್ಠ 51.

ಹೆಚ್ಚು ಆಕ್ಟೇನ್ ಬೇಕಾದ ಕಾರನ್ನು ಇಟ್ಟುಕೊಂಡು ಘಾಟಿಯಾಚೆಯ ಯಾವುದೋ ಊರಲ್ಲಿ ಮಾಮೂಲಿ ಮಾತ್ರ ಸಿಕ್ಕಿತು ಎಂದಾದರೆ ಗಾಬರಿ ಬೇಡ. ಅಗತ್ಯವಿದ್ದಷ್ಟು ಮಾತ್ರ ಹಾಕಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತದೆ, ಏರಿನಲ್ಲಿ ಗೇರ್ ಇಳಿಸಿಕೊಂಡು ಬನ್ನಿ, ನಾಕ್ ಸೆನ್ಸರ್ ತನ್ನ ಕೆಲಸ ಮಾಡುತ್ತದೆ. ಉಡುಪಿಗೋ ಮಂಗಳೂರಿಗೋ ಇಳಿದ ಮೇಲೆ ಟಾಕಿಯ ಉಳಿದ ಭಾಗವನ್ನು ಸರಿಯಾದ ಪೆಟ್ರೋಲಿನಿಂದ ತುಂಬಿಸಿದರೆ ಆಯಿತು. ಎರಡೂ ಬೆರೆತು ಆಕ್ಟೇನ್ ನಡುವೆ ಎಲ್ಲೋ ನಿಲ್ಲುತ್ತದೆ, ಎಂಜಿನ್ನಿನ ಕಂಪ್ಯೂಟರ್ ಸ್ವಲ್ಪ ದೂರ ಓಡುವುದರೊಳಗೆ ಅದಕ್ಕೆ ಹೊಂದಿಕೊಳ್ಳುತ್ತದೆ. ಆಮೇಲೂ ಸದ್ದು ಬರುತ್ತಿದ್ದರೆ ಅಥವಾ ಎಂಜಿನ್ ದೀಪ ಹೊತ್ತಿದ್ದರೆ ಸರ್ವಿಸಿಗೆ ಕೊಂಡೊಯ್ಯಿರಿ, ಯಾವ ಪೆಟ್ರೋಲ್ ಎಷ್ಟು ಹಾಕಿಸಿದ್ದೆಂದು ಅವರಿಗೆ ಮೊದಲೇ ಹೇಳಿ.